ಮೂರು ಗಂಟೆಯ ಅರ್ಧಾಯುಷ್ಯ

ಔಷಧಶಾಸ್ತ್ರವೆಂಬ ಮಹಾರ್ಣವವನ್ನು ಏಳೇ ದಿನಗಳಲ್ಲಿ ಕನ್ನಡದ ದೋಣಿಯಲ್ಲಿ ದಾಟಿಬಿಡುವೆನೆಂದು ಪಂಜದ ನಿವೃತ್ತ ಕನ್ನಡ ಪಂಡಿತ ತಿರುಮಲೇಶ್ವರ ಭಟ್ಟರು ಪಣತೊಟ್ಟಾಗ, ಪತ್ನಿ ಪರಮೇಶ್ವರಿಯಮ್ಮ ದೋಸೆ ಮಗುಚುತ್ತಿದ್ದರು.

"ಈಜು ಬರ್ತದಾ ನಿಮಗೆ?" ಎಂದಷ್ಟೇ ಕೇಳಿದರು.

ಪಣಕ್ಕೆ ಕಾರಣವಿತ್ತು. ಮಗಳು ಚಿನ್ಮಯೀ ಕಡಬದಲ್ಲಿ ಮೆಡಿಕಲ್ ತೆರೆದಿದ್ದಳು. ಔಷಧದ ಮಾತುಗಳನ್ನು ಗಿರಾಕಿಗಳಿಗೆ ತಿಳಿಯುವಂತೆ ಬರೆದುಕೊಟ್ಟರೆ ಗೋಡೆಗೆ ಹಾಕುವೆನೆಂದಿದ್ದಳು. ಕರಾರು ಒಂದೇ: ಮೊದಲು ಮನೆಯಲ್ಲಿ ಯಾರಾದರೊಬ್ಬರಿಗೆ ಅರ್ಥವಾಗಬೇಕು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದುದೆಲ್ಲ ಸಂಜೆಗೆ ಅಳಿಸಿಹೋಗುವುದನ್ನು ಕಂಡಿದ್ದ ಭಟ್ಟರಿಗೆ, ಅಳಿಸದ ಗೋಡೆಯೊಂದು ಕಡೆಗೂ ದೊರಕಿತ್ತು. ಬಿಡುವರೇ!

ಧನ್ವಂತರಿಗೆ ಕೈಮುಗಿದು ಮಗಳ ಪುಸ್ತಕ ಬಿಡಿಸಿದರು. ಮೈಸೇರಿದ ಮದ್ದು ಅರ್ಧಕ್ಕಿಳಿಯಲು ಹಿಡಿಯುವ ಕಾಲಕ್ಕೆ 'ಅರ್ಧಾಯುಷ್ಯ'ವೆಂದು ನಾಮಕರಣವಾಯಿತು. ಲೋಕರೂಢಿಯ 'ಅಡ್ಡ ಪರಿಣಾಮ' ಅವರ ಕಿವಿಗೆ ಒರಟೆನಿಸಿ 'ಪಾರ್ಶ್ವಪರಿಣಾಮ'ವಾಯಿತು. ಏಳನೆಯ ದಿನ ಪಟ್ಟಿ ಸಿದ್ಧ. ಪರೀಕ್ಷೆಗೊಬ್ಬ ರೋಗಿ ಮಾತ್ರ ಬೇಕಾಗಿತ್ತು.

ದೈವಕೃಪೆಯಿಂದ ಅಂದೇ ಬೆಳಗ್ಗೆ ನೆಟ್ಟಣದಿಂದ ಪರಮೇಶ್ವರಿಯಮ್ಮನ ಅಣ್ಣ ಕೃಷ್ಣಮೋಹನರು ಜ್ವರ ಹೊತ್ತು ಬಂದರು. ವೈದ್ಯರು ಕೊಟ್ಟ ಮಾತ್ರೆ ಕಿಸೆಯಲ್ಲಿತ್ತು. ಅದನ್ನವರು ನುಂಗುವವರೆಗೂ ಕಾದ ಭಟ್ಟರು ಗಂಟಲು ಸರಿಮಾಡಿಕೊಂಡರು.

"ಅರ್ಧಾಯುಷ್ಯ ಮೂರೇ ಗಂಟೆ, ಭಾವ."

ಕೃಷ್ಣಮೋಹನರ ಕೈಯ ಲೋಟ ಗಾಳಿಯಲ್ಲೇ ನಿಂತಿತು. "ಮೂರು ಗಂಟೆಯಾ? ಮತ್ತೆಂತ?"

"ಮತ್ತೆ ಪಾರ್ಶ್ವಪರಿಣಾಮ. ಎಲ್ಲರಿಗೂ ಬರುದಿಲ್ಲ, ಕೆಲವರಿಗೆ ಉಂಟು."

'ಪಾರ್ಶ್ವ' ಎಂಬಲ್ಲಿಂದ ಭಾವನವರ ಬುದ್ಧಿ ನೇರವಾಗಿ ಪಾರ್ಶ್ವವಾಯುವಿಗೆ ಹಾರಿತು. ಅರ್ಥವಾಯಿತೇ ಎಂದು ಕೇಳಿದರೆ, ಚೆನ್ನಾಗಿ ಅರ್ಥವಾಯಿತೆಂದು ತಲೆಯಾಡಿಸಿ, ಮೊಬೈಲ್ ಹಿಡಿದು ಹಿತ್ತಲಿಗೆ ನಡೆದರು. ಪರೀಕ್ಷೆ ಗೆದ್ದ ಭಟ್ಟರು ಪಟ್ಟಿಗೆ ತಕ್ಕ ಮೊಳೆ ಹುಡುಕತೊಡಗಿದರು.

ಹನ್ನೊಂದಕ್ಕೆ ಅಂಗಳದಲ್ಲಿ ಜೀಪು ನಿಂತಿತು. ಕೃಷ್ಣಮೋಹನರ ಪತ್ನಿ ಅಳುತ್ತ ಇಳಿದರು. ಬೆನ್ನಿಗೆ ಬಂಧುಗಳು ಏಳು ಮಂದಿ. ಕೆದಂಬಾಡಿಯಿಂದ ಕೃಷ್ಣಮೋಹನರ ಚಿಕ್ಕಪ್ಪನ ಮಗ ಮುರಳಿಕೃಷ್ಣ ಒಂದು ಕೈಯಲ್ಲಿ ಗಂಗಾಜಲ ಹಿಡಿದು, ಇನ್ನೊಂದರಲ್ಲಿ ಗಾಲಿಕುರ್ಚಿ ತಳ್ಳುತ್ತ ಬಂದ. ಎರಡರಲ್ಲಿ ಯಾವುದು ಬೇಕಾಗುವುದೋ ತಿಳಿಯದೆ ಎರಡನ್ನೂ ತಂದಿದ್ದನಂತೆ. ಪರಲೋಕಯಾತ್ರಿಕರು ಚಾವಡಿಯ ಚಾಪೆಯಲ್ಲಿ ಮಲಗಿ, ಎಡಗಾಲು ಬಲಗಾಲುಗಳನ್ನು ಸರದಿಯಂತೆ ಆಡಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಜ್ವರ ಬಿಟ್ಟು, ಮೈ ಬೆವರಿ ತಣ್ಣಗಾಯಿತು. ಅದೇ ಕೊನೆಯ ಲಕ್ಷಣವೆಂದು ಎಲ್ಲರೂ ಕಣ್ಣೊರೆಸಿಕೊಂಡರು. ಭಟ್ಟರು ವಿವರಿಸಲು ಬಾಯಿ ತೆರೆದಂತೆಲ್ಲ ಅಳು ಒಂದೊಂದು ಸ್ವರ ಮೇಲೇರಿತು.

ಊಟದ ಹೊತ್ತಿಗೆ ಬಂದ ಚಿನ್ಮಯೀ ಸಂಗತಿ ಕೇಳಿ ಚಾಪೆಯ ಪಕ್ಕ ಕುಳಿತಳು.

"ಮಾವ, ಆಯುಷ್ಯ ಮದ್ದಿಂದು. ನಿಮ್ಮದಲ್ಲ."

ಮಾವ ಎದ್ದು ಕುಳಿತು, ಪಾಯಸ ಉಂಟೇ ಎಂದು ವಿಚಾರಿಸಿದರು. ಹದಿಮೂರು ಎಲೆ ಬಿತ್ತು. ಗಾಲಿಕುರ್ಚಿಯೂ ವ್ಯರ್ಥವಾಗಲಿಲ್ಲ, ಪಾಯಸದ ಪಾತ್ರೆ ಅದರಲ್ಲೇ ವಿರಾಜಮಾನವಾಗಿ ಪಂಕ್ತಿಯುದ್ದ ಸಂಚರಿಸಿತು.

ಊಟವಾದ ಮೇಲೆ ಚಿನ್ಮಯೀ ಪಟ್ಟಿ ಹಿಡಿದು, ಗಿರಾಕಿಗಳನ್ನು ಗಾಬರಿಪಡಿಸುವ ಪದಗಳನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಒಂದೇ ಪದ: ಮಾತ್ರೆ.

ಒಂದಾದರೂ ಗೋಡೆಯೇರಿತಲ್ಲ ಎಂದು ಭಟ್ಟರು ಮೀಸೆಯಡಿ ನಕ್ಕರು. ಪರಮೇಶ್ವರಿಯಮ್ಮ ಸೌಟು ಕೆಳಗಿಡದೆ ನುಡಿದರು:

"ಅವಳ ಅಂಗಡಿಯಲ್ಲಿ ಎಲ್ಲದಕ್ಕೂ ಮಾತ್ರೆ ಉಂಟು. ನಿಮ್ಮ ಮಾತಿಗೆ ಮಾತ್ರ ಇಲ್ಲ."