ಹಮೂರ್ ಮೀನಿನ ಬಾಲದಲ್ಲೊಂದು ಗೋದಾಮು

ಮೀನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹುಟ್ಟಿದ್ದೇ ಮಲ್ಪೆಯ ಹತ್ತಿರ. ಕಿವಿರು ನೋಡಿದರೆ ಸಾಕು, ಮೀನಿನ ಜಾತಕ ಹೇಳಬಲ್ಲೆ. ಆದ್ದರಿಂದ ಹೆಂಡತಿ ಸುಮತಿ "ನನ್ನ ಥೀಸಿಸ್‌ಗೆ ತಾಜಾ ಮೀನು ಬೇಕಿತ್ತು" ಎಂದಾಗ ನಕ್ಕುಬಿಟ್ಟೆ. ಇಷ್ಟೇನಾ!

ಎಂಬತ್ತರ ದಶಕದ ಆರಂಭ. ನಾನು ಬಹರೇನಿನ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್, ಮನೆ ಬುಸೈತೀನ್‌ನಲ್ಲಿ. ಸುಮತಿ ಪ್ರಾಣಿಶಾಸ್ತ್ರದ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು, ನನ್ನನ್ನು ಮದುವೆಯಾಗಿ ಬಂದವಳು. ಅವಳ ಗೈಡ್ ಆ ತಿಂಗಳು ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಕೊಲ್ಲಿಯ ಮೀನಿನ ಮಾದರಿ ಮಂಗಳೂರಿಗೆ ತಲುಪದಿದ್ದರೆ ಥೀಸಿಸ್‌ಗೆ ಎಳ್ಳುನೀರು ಬಿಟ್ಟ ಹಾಗೆಯೇ. ಶುಕ್ರವಾರ ಸಂಜೆ ಊರಿಗೆ ಹೊರಟಿದ್ದ ಪಕ್ಕದ ಫ್ಲ್ಯಾಟಿನ ಶೆಟ್ಟರು ಮಾದರಿಯ ಬಾಟಲಿ ಒಯ್ಯಲು ಒಪ್ಪಿದ್ದರು.

"ಮೀನಿನ ಬೆನ್ನುಹುರಿಯ ತುದಿಯಲ್ಲಿ ದೊಡ್ಡ ದೊಡ್ಡ ನರಕೋಶಗಳು ಉಂಟು" ಎಂದು ಸುಮತಿ ವಿವರಿಸಿದಳು. "ನರಕೋಶವೇ, ಆದ್ರೆ ಗ್ರಂಥಿಯ ಹಾಗೆ ಹಾರ್ಮೋನು ಮಾಡ್ತದೆ. ಅದು ಕೋಶದ ಉದ್ದ ಎಳೆಯಲ್ಲಿ ಹೋಗಿ, ಹುರಿಯ ಅಡಿಯಲ್ಲಿರುವ ಸಣ್ಣ ಗಂಟಲ್ಲಿ ಸೇರ್ತದೆ. ಬೇಕಾದಾಗ ಅಲ್ಲಿಂದ ರಕ್ತಕ್ಕೆ."

"ತಯಾರಿ ಒಂದು ಕಡೆ, ಗೋದಾಮು ಇನ್ನೊಂದು ಕಡೆ. ನಮ್ಮ ಕಂಪನಿಯೇ ಮಾರಾಯ್ತಿ!" ಎಂದೆ. ನನಗೆ ಎಲ್ಲವೂ ಅರ್ಥವಾಗಿತ್ತು. ಆ ಗೋದಾಮು ಬಾಲದ ಬುಡದಲ್ಲಿದೆ ಎಂಬುದೊಂದು ಬಿಟ್ಟು!

ಬುಧವಾರ ಮಾರುಕಟ್ಟೆಯಲ್ಲಿ ದಪ್ಪ ಹಮೂರ್ ಆರಿಸಿದೆ. ಹೆಂಡತಿಗೆ ಕಷ್ಟವಾಗಬಾರದೆಂದು ಎಂದಿನಂತೆ ಕೊಯ್ಯುವವನ ಮುಂದಿಟ್ಟೆ. ಹುರುಪೆ ಹೋಯಿತು, ರೆಕ್ಕೆ ಹೋಯಿತು, ಬಾಲ ಬುಡಸಮೇತ ಹೋಯಿತು.

"ಬಾಲ ಎಲ್ಲಿ?" ಎಂದಳು ಸುಮತಿ.

"ಬೆಕ್ಕಿಗೆ ಹಾಕಿದ."

"ಎಂಥ ಮಾರಾಯ್ರೇ! ನಂಗೆ ಬೇಕಾದದ್ದು ಅದೊಂದೇ!"

ಅಂದು ಹಮೂರ್ ಗಸಿ ಬಹಳ ರುಚಿಯಾಗಿತ್ತು. ಆದರೆ ಹೊಗಳುವ ವಾತಾವರಣ ಇರಲಿಲ್ಲ.

ಗುರುವಾರ ಶಿಫ್ಟಿಗೆ ಮೊದಲೇ ಪ್ರಾಯಶ್ಚಿತ್ತಕ್ಕೆ ಹೊರಟೆ. ಬಾಲ ತಾನೇ ಬೇಕು? ಗಜದುದ್ದ ಬಾಲದ, ತಟ್ಟೆಯಂತೆ ಚಪ್ಪಟೆಯಾದ ತೊರಕೆ ಮೀನನ್ನೇ ಹೊತ್ತು ತಂದೆ! ಸುಮತಿ ಹಣೆ ಹಿಡಿದುಕೊಂಡಳು. "ತೊರಕೆಯಲ್ಲಿ ಆ ಗಂಟೇ ಇಲ್ಲ. ಕೋಶಗಳು ಬಾಲದ ಹುರಿಯುದ್ದಕ್ಕೆ ಚದುರಿಕೊಂಡಿರ್ತವೆ. ನನ್ನ ಥೀಸಿಸ್ ಇರುವುದು ಗಂಟಿನ ಮೇಲೆ."

ಗೋದಾಮೇ ಇಲ್ಲದ ಕಂಪನಿಯನ್ನು ತಂದಿದ್ದೆ.

ಮಧ್ಯಾಹ್ನ ಶಿಫ್ಟ್ ಮುಗಿಸಿ ಮರಳುವಾಗ, ಬೆಳಿಗ್ಗೆಯೇ ಅವಳನ್ನು ಕೇಳಿಕೊಂಡಿದ್ದಂತೆ, ಬಾಲಸಹಿತ ತಾಜಾ ಹಮೂರ್ ತಂದೆ. ಸುಮತಿ ಶೆಟ್ಟರ ಮನೆಗೆ ಹೋಗಿದ್ದಳು. ಕೆಡುವ ಸಾಮಾನನ್ನು ಹೊರಗಿಡುವವನು ಸ್ಟೋರ್‌ಕೀಪರನೇ? ನೇರ ಫ್ರೀಜರಿಗೆ ಇಟ್ಟೆ. ಮೂರು ತಾಸು ಗೊರಕೆ ಹೊಡೆದೆ. ಎದ್ದಾಗ ಮೀನು ಕಲ್ಲಾಗಿತ್ತು.

ಮರಳಿ ಬಂದ ಸುಮತಿ ಬಾಲವನ್ನು ಬೆರಳಿನಿಂದ ತಟ್ಟಿ ನೋಡಿದಳು. "ಐಸಾದ್ರೆ ಕೋಶ ಒಡೆದು ಹೋಗ್ತದೆ." ಬೈಯಲಿಲ್ಲ. ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. "ಮದುವೆ ಆಗಿ ಬರುವಾಗ ಇದನ್ನು ಬಿಟ್ಟು ಬಂದೆ. ಒಂದು ದಿನ ಏನಾದ್ರೂ ಹೇಳಿದ್ದೇನಾ?"

ಹೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. "ನಾಳೆ ಬೆಳಿಗ್ಗೆ ನಾನೇ..." ಎಂದು ಶುರುಮಾಡಿದೆ.

"ನೀವು ಮನೆಯಲ್ಲೇ ಇರಿ" ಎಂದಳು.

ಶುಕ್ರವಾರ ಬೆಳಿಗ್ಗೆ ಸುಮತಿ ಒಬ್ಬಳೇ ಹೋದಳು. ಭಾಷೆ ಬಾರದ ಮೀನುಗಾರನಿಗೆ ಬಾಲ ತೋರಿಸಿ, ಮುಟ್ಟಬೇಡವೆಂದು ಕೈಯಾಡಿಸಿ, ಇನ್ನೂ ಮಿಸುಕಾಡುತ್ತಿದ್ದ ಮೂರು ಮೀನುಗಳೊಂದಿಗೆ ಮುಕ್ಕಾಲು ಗಂಟೆಯಲ್ಲಿ ಮರಳಿದಳು. ಬಾಲದ ಬುಡ ಬಿಡಿಸಿ, ಅಕ್ಕಿಕಾಳಿಗಿಂತ ಸಣ್ಣ ಗಂಟು ಅಂಟಿಕೊಂಡಿದ್ದ ಹುರಿಯ ತುಂಡುಗಳನ್ನು ಬಾಟಲಿಯಲ್ಲಿದ್ದ, ಕೋಶ ಕೆಡದಂತೆ ಕಾಯುವ ಹಳದಿ ದ್ರಾವಣಕ್ಕೆ ಇಳಿಸಿದಳು. ನಾನು ಅಪ್ಪಣೆಯಂತೆ ಕೈಕಟ್ಟಿ ಕುರ್ಚಿಯಲ್ಲಿ ಕೂತಿದ್ದೆ. ಸಂಜೆ ಬಾಟಲಿ ವಿಮಾನ ಹತ್ತಿತು.

ಎರಡು ವರ್ಷದ ಮೇಲೆ ಥೀಸಿಸ್ ಅಚ್ಚಾಗಿ, ಬೈಂಡಾಗಿ ಬಂತು. ನಾನು ನೇರ ಕೃತಜ್ಞತೆಯ ಪುಟ ತೆರೆದೆ. ಮೊದಲು ಗೈಡ್, ಆಮೇಲೆ ಬಾಟಲಿ ಒಯ್ದ ಶೆಟ್ಟರು, ಆಮೇಲೆ ಬಾಲ ಮುಟ್ಟದ ಮೀನುಗಾರ. ಕಟ್ಟಕಡೆಗೆ ನಾನೂ ಇದ್ದೆ:

"ಸಂಶೋಧನೆಗೆ ಉಪಯೋಗವಾಗದ ಎಲ್ಲ ಭಾಗಗಳನ್ನು ತಿಂದು ಮುಗಿಸಿ ಸಹಕರಿಸಿದ ನನ್ನ ಪತಿಗೆ."