ಸಾಲಿಲ್ಲದ ಹೊಲದ ಬೆಳೆ

ಸಾಲಿಲ್ಲದ್ದು ಬೆಳೆಯಲ್ಲ. ಇದು ಪಾಳುಭೂಮಿ ಸದ್ಬಳಕೆ ಕಚೇರಿಯ ಏಳನೇ ನಿಯಮ. ಮೊದಲ ಆರು ನಿಯಮಗಳನ್ನು ಇನ್ನೂ ಬರೆದಿಲ್ಲ.

ನಂಗಲಿಯ ಅಶ್ವತ್ಥಪ್ಪನದು ಹೆದ್ದಾರಿ ಪಕ್ಕ ಒಂದೂವರೆ ಎಕರೆ. ಅವನು ಉಳುವುದಿಲ್ಲ. ಉತ್ತರೆ ಮಣ್ಣಿನ ಜೀವ ಹೋಗುತ್ತದೆ ಎನ್ನುತ್ತಾನೆ. ಸೊಪ್ಪು, ಹುಲ್ಲು ಹೊದಿಸಿ ರಾಗಿ, ಅವರೆ, ತೊಗರಿ ಎಲ್ಲವನ್ನೂ ಒಟ್ಟಿಗೇ ಎರಚುತ್ತಾನೆ. ಆಮೇಲೆ ಹೊಲದ ನಡುವಿನ ಹೊಂಗೆ ಮರದ ಕೆಳಗೆ ಕೂತು ಕಥೆ ಬರೆಯುತ್ತಾನೆ. ಎರಡರಲ್ಲೂ ಅವಸರವಿಲ್ಲ.

ಕಚೇರಿಯಿಂದ ಸರ್ವೆಗೆ ಉಮಾಶಂಕರ್ ಸಾಹೇಬರು ಬಂದರು. ಹೊಲಕ್ಕೆ ಕಾಲಿಟ್ಟದ್ದೇ ಅವರೆ ಬಳ್ಳಿ ತೊಡರಿತು.

"ಸಾಲೆಲ್ಲಿ?"

"ನಾನು ಉಳಲ್ಲ ಸಾರ್. ಅದಕ್ಕೇ ಸಾಲಿಲ್ಲ."

"ಹಂಗಾದ್ರೆ ಪಾಳು ಅಂತ ಬರ್ಕೋತೀನಿ. ಪಾಳು ಬಿದ್ದಿದ್ದು ಲಾರಿ ಸ್ಟ್ಯಾಂಡಿಗೆ ಹೋಗುತ್ತೆ."

"ಅವರೆ ನಿಮ್ಮ ಪ್ಯಾಂಟಿಗೇ ಸುತ್ಕೊಂಡಿದೆಯಲ್ಲ ಸಾರ್!"

"ಸುತ್ಕೊಂಡಿದೆ. ಸಾಲಾಗಿ ಸುತ್ಕೊಂಡಿಲ್ಲ."

ಅಶ್ವತ್ಥಪ್ಪ ಬಗ್ಗಿ ಒಂದು ಹಿಡಿ ಮಣ್ಣೆತ್ತಿಕೊಂಡ. ವರ್ಷಗಟ್ಟಲೆ ಹೊದಿಸಿ ಹೊದಿಸಿ ಹತ್ತಿಯಂತಾದ ಮಣ್ಣು. ಅದರ ಮೇಲೆ ಲಾರಿ.

ಹೆಂಡತಿ ಭಾರತಮ್ಮನಿಗೆ ರೇಗಿತು. "ಸಾಲು ತಾನೇ ಬೇಕು ನಿಮ್ಗೆ? ನಮ್ಮ ಯಜಮಾನ್ರು ದಿನಾ ಮರದ ಕೆಳಗೆ ಕೂತು ಸಾಲು ಸಾಲು ಗೀಚ್ತಾರೆ. ಅದನ್ನ ಎಣಿಸ್ಕೊಳಿ!"

ಸಾಹೇಬರು ನಗಲಿಲ್ಲ.

"ಗೀಚೋದು ಈ ಸರ್ವೆ ನಂಬರಿನ ಒಳಗೇನಾ?"

"ಮರ ಒಳಗೇ ಇದೆ ಸಾರ್."

"ತಗೊಂಬನ್ನಿ."

ಹಾಳೆಗಳನ್ನು ನೆಲದ ಮೇಲೆ ಹಾಸಿದರು. ಹಾರದಂತೆ ಕಲ್ಲಿಟ್ಟರು. ಸಾಹೇಬರು ಬಗ್ಗಿ ಫೋಟೊ ಹೊಡೆದರು. ಸಾಲುಗಳು ನೆಟ್ಟಗಿದ್ದವು.

ಪಹಣಿ ಬಂತು. ಬೆಳೆ: ಕಥೆ. ನೀರಾವರಿ: ಮಳೆಯಾಶ್ರಿತ. ಕೆಳಗೊಂದು ಷರಾ: "ಕಥೆಯ ನಡುವೆ ಅವರೆ, ರಾಗಿ, ತೊಗರಿ ಮುಂತಾದ ಕಳೆ ಕಂಡುಬಂದಿದ್ದು, ಸದರಿ ಕಳೆಯನ್ನು ಕೀಳತಕ್ಕದ್ದು. ಒಂದೇ ಬೆಳೆಯಿಂದ ಭೂಮಿಯ ಸತ್ವ ಕುಂದುವುದರಿಂದ ಮುಂದಿನ ಹಂಗಾಮಿನಲ್ಲಿ ಕಥೆ ಬೆಳೆಯಕೂಡದು."

ಲಾರಿ ಸ್ಟ್ಯಾಂಡ್ ತಪ್ಪಿತು. ಅಶ್ವತ್ಥಪ್ಪ ಕವಿತೆಗೆ ಕೈಹಾಕಿದ.

ಪಕ್ಕದ ಹೊಲದ ಮುನಿರಾಮಪ್ಪ ಬದುವಿನ ಮೇಲೆ ನಿಂತು ಇಣುಕಿದ. "ಏನಪ್ಪೋ, ಈ ಸಲ ಸಾಲು ಮೋಟಾಗಿದೆ?"

"ಕವಿತೆ ಕಣಪ್ಪ. ಇಷ್ಟೇ ಬೆಳೆಯೋದು."

"ಹೂಂ, ಎಲ್ಲಿಂದ ಬೆಳೀಬೇಕು? ಮಳೆನೂ ಕಮ್ಮಿ."

ಚಳಿಗಾಲಕ್ಕೆ ಸಾಹೇಬರು ಮತ್ತೆ ಬಂದರು, ಕಳೆ ತೆಗೆದಿದ್ದಾರೋ ಇಲ್ಲವೋ ನೋಡಲು. ಊಟದ ಹೊತ್ತು. ಭಾರತಮ್ಮ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟಳು.

ಸಾಹೇಬರು ಮುದ್ದೆ ಮುರಿದು ನುಂಗಿದರು. "ಕಳೆ ಎಲ್ಲಾ ಕಿತ್ತಿರಾ?"

"ಕಿತ್ತೆ ಸಾರ್," ಎಂದ ಅಶ್ವತ್ಥಪ್ಪ. "ಅದೇ ತಟ್ಟೇಲಿರೋದು."

ಸಾಹೇಬರು ತಟ್ಟೆ ನೋಡಿದರು. ಆಮೇಲೆ ಅದನ್ನು ಮುಂದಕ್ಕೆ ತಳ್ಳಿದರು.

"ನಿಯಮದ ಪ್ರಕಾರ ಕಳೆ ಪೂರ್ತಿ ಖಾಲಿಯಾಗ್ಬೇಕಮ್ಮ. ಇನ್ನೊಂದು ಸೌಟು ಬಿಡಿ."