ಚಿಕ್ಕಪ್ಪ ಬರೆಸಿದ ಕಾಯಿಲೆಗಳು

ನಿಜ ಹೇಳುವವರನ್ನು ಜನ ಗೌರವಿಸುತ್ತಾರಂತೆ! ಹಾಗೆಂದವರು ನಮ್ಮ ಚಿಕ್ಕಪ್ಪನ ಜೊತೆ ಒಮ್ಮೆಯೂ ಕುರಿ ಮಾರಲು ಹೋದವರಲ್ಲ. ಹಿರಿಯೂರಿನ ಸಂತೆಯಲ್ಲಿ ಗಿರಾಕಿ ಬೆಲೆ ಒಪ್ಪಿ ಜೇಬಿಗೆ ಕೈ ಹಾಕಿರುತ್ತಾನೆ. ಆಗ ಇವರು, "ಟಗರು ನೋಡಾಕೆ ಚೆಂದ ಐತೆ ಕಣ್ರಿ, ಆದ್ರೆ ಬೆಳಗಿನ ಜಾವ ಕೆಮ್ತೈತೆ" ಎನ್ನುತ್ತಾರೆ. ಕೈ ಬರಿದಾಗಿಯೇ ಹೊರಬರುತ್ತದೆ. ಪಕ್ಕದಲ್ಲಿ ನಿಂತ ನನಗೂ ಕೆಮ್ಮು ಬರುತ್ತದೆ!

ಇಂಥವರಿಗೆ ಆರೋಗ್ಯ ವಿಮೆ ಮಾಡಿಸಲು ಹೊರಟ ನನ್ನ ಬುದ್ಧಿಗೆ ಏನೆನ್ನಲಿ? ಐಮಂಗಲದ ಅವರ ಮನೆಗೆ ಏಜೆಂಟರನ್ನು ಕರೆದೊಯ್ದೆ. "ಏನಾದ್ರೂ ಕಾಯಿಲೆ ಐತೇನ್ರಿ?" ಎಂದು ಅವರು ಕೇಳಿದ್ದೇ ತಡ, ಚಿಕ್ಕಪ್ಪ ಶುರು ಮಾಡಿದರು. ಹತ್ತು ವರ್ಷದ ಸಕ್ಕರೆ ಕಾಯಿಲೆ, ಬಿಪಿ, ಎಡಗಣ್ಣಿನ ಪೊರೆ, ಏಳನೇ ವಯಸ್ಸಿನಲ್ಲಿ ಕಡಿದ ಚೇಳು!

"ಚೇಳು ಬ್ಯಾಡ ಬಿಡ್ರಿ" ಎಂದರು ಏಜೆಂಟರು. ಆಮೇಲೆ ದನಿ ತಗ್ಗಿಸಿ, "ಸಕ್ಕರೇನೂ ಬ್ಯಾಡ. ಬರೆದ್ರೆ ಕಂತು ಜಾಸ್ತಿ ಆಗ್ತೈತೆ."

"ಇರೋದನ್ನ ಇಲ್ಲ ಅಂತ ಹೆಂಗನ್ಲಿ? ಬರ್ಕಳ್ರಿ."

"ಅಮ್ಮಾರಿಗೆ ಏನೈತೆ?"

ಚಹಾ ತಂದ ಚಿಕ್ಕಮ್ಮ ಗಂಡನ ಮುಖ ನೋಡದೆ ಹೇಳಿದರು: "ನಂಗೇನೂ ಇಲ್ಲ. ಗಟ್ಟಿ ಇದೀನಿ."

ಇಬ್ಬರಿಗೂ ಸೇರಿದ ಪಾಲಿಸಿಯ ಕಂತು ಏಜೆಂಟರು ಮೊದಲು ಹೇಳಿದ್ದಕ್ಕಿಂತ ಒಂದೂವರೆ ಪಟ್ಟಾಯಿತು. ಜೊತೆಗೆ, ಇರುವ ಕಾಯಿಲೆಗಳಿಗೆ ಮೂರು ವರ್ಷ ಏನೂ ಸಿಗದು. ಚಿಕ್ಕಪ್ಪ ನನ್ನನ್ನು ಎಳೆದುಕೊಂಡು ಚಿತ್ರದುರ್ಗದ ಕಚೇರಿಗೇ ಹೋದರು.

"ಕಾಯಿಲೆ ಬರ್ಲಿ ಅಂತ ನಾನೇನು ಅರ್ಜಿ ಹಾಕಿದ್ನೇನಮ್ಮ? ವಿಮೆ ಬೇಕಾಗಿರೋದೇ ಕಾಯಿಲೆ ಇರೋನಿಗಲ್ವಾ?"

ಮೇಜಿನಾಚೆಯ ಹೆಣ್ಣುಮಗಳು ಸಿಡುಕಲಿಲ್ಲ. "ಕುಂತ್ಕಳ್ರಿ ಯಜಮಾನ್ರೇ. ಎಲ್ರೂ ಕಾಯಿಲೆ ಬಂದ್ಮೇಲೇ ಸೇರಿದ್ರೆ ಉಳಿದೋರ ಕಂತು ಏರ್ತೈತೆ. ಅವ್ರೂ ಬಿಟ್ಟು ಹೋದ್ರೆ ನಿಮಗೆ ಕೊಡಾಕೆ ಎಲ್ಲಿಂದ ತರೋದು?"

ಚಿಕ್ಕಪ್ಪ ಕುರ್ಚಿ ಎಳೆದು ಕುಳಿತರು. "ಅದೂ ಸರೀನೇ. ಆದ್ರೆ ನಿಜ ಹೇಳಿದೋನಿಗೆ ದಂಡ, ಮುಚ್ಚಿಟ್ಟೋನಿಗೆ ಸೋವಿ. ಸುಳ್ಳು ಹೇಳ್ರಿ ಅಂತ ನೀವೇ ಕಲಿಸ್ದಂಗಾಗ್ಲಿಲ್ವಾ?"

ಆಕೆ ರಸೀದಿ ಪುಸ್ತಕ ಎಳೆದುಕೊಂಡರು. ಚಿಕ್ಕಪ್ಪ ಕಂತು ಕಟ್ಟಿ ಬಂದರು.

ಮರುವರ್ಷ ಚಿಕ್ಕಮ್ಮ ಕುರಿಹಟ್ಟಿಯಲ್ಲಿ ಕುಸಿದುಬಿದ್ದರು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. "ಎದೆನೋವು ಈಗೀಗ ಶುರುವಾತು ಅನ್ಸಿಬಿಡ್ರಿ" ಎಂದು ಏಜೆಂಟರು ಫೋನಿನಲ್ಲಿ ಎಚ್ಚರಿಸಿದ್ದರು. ನಾನು ಹೇಳಿಕೊಡುವಷ್ಟರಲ್ಲಿ, ನೋವು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿಯೇಬಿಟ್ಟರು.

ಚಿಕ್ಕಮ್ಮ ಗಂಡನನ್ನೊಮ್ಮೆ ನೋಡಿ, "ಎರಡು ವರ್ಷ ಆತು ಸಾ" ಎಂದರು.

ಅಂದರೆ ಪಾಲಿಸಿಗೂ ಮೊದಲೇ! ಡಾಕ್ಟರು ಅದನ್ನೇ ಬರೆದುಕೊಂಡರು. ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಅರ್ಧ ಮಂದೆ ಮಾರಿ ಸ್ಟೆಂಟ್ ಹಾಕಿಸಿದರು. ಚಿಕ್ಕಮ್ಮ ಉಳಿದರು.

ಆಸ್ಪತ್ರೆಯಿಂದ ಬಿಟ್ಟ ದಿನ ಮಧ್ಯಾಹ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿ, ಚೀಲಗಳ ಜೊತೆ ನಾನು ಪಕ್ಕದಲ್ಲಿ ನಿಂತೆ. ಚಿಕ್ಕಪ್ಪ ಹೆಂಡತಿಯನ್ನು ಕೇಳಿದರು: "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬರೆಸ್ತಿದ್ರಿ. ನಿಮ್ದೊಂದಕ್ಕೇ ಜಾಸ್ತಿ ಆಗ್ತೈತೆ ಅಂದ್ರಲ್ಲ ಆವಯ್ಯ. ಇಬ್ರುದೂ ಸೇರಿದ್ರೆ ಕಟ್ಟಾಕಾಗಲ್ಲ ಅಂತ ಬಿಟ್ಟುಬಿಡ್ತಿದ್ರಿ. ನಿಮಗಾದ್ರೂ ಇರ್ಲಿ ಅಂತ..."

ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು.

"ಊರೋರಿಗೆಲ್ಲ ನಂದು ಹೇಳ್ಕಂಡು ತಿರುಗ್ದೆ. ನಿಂದು ಒಂದಿನ ಕೇಳ್ಲಿಲ್ಲ ನೋಡು. ಇನ್ನೇನೇನೈತೆ, ಹೇಳು."

"ಏನೂ ಇಲ್ಲ ಸುಮ್ನಿರ್ರಿ" ಎಂದರು ಚಿಕ್ಕಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಮಂಡಿ ನೋವೈತೆ" ಎಂದರು. ಆಮೇಲೆ ಸೊಂಟ. ಆಮೇಲೆ, ನೀವು ಕುರಿ ಹಿಂದೆ ದೂರ ಹೋದಾಗ ನಂಗೆ ನಿದ್ದೇನೇ ಬರಲ್ಲ ಎಂದರು.

ಐಮಂಗಲದ ಮೇಲೆ ಹೋಗುವ ಹಿರಿಯೂರಿನ ಬಸ್ಸು ಬಂತು. ನಾನು ಅವರನ್ನು ಕರೆಯಲಿಲ್ಲ.